ಮೀನಿನ ಹಂಗು

ಅಮ್ಮನಿಗೆ ಹಂಗು ಎಂದರೆ ಆಗದು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಸಂಜೆಯೊಳಗೆ ಅದು ಹಿಂದಕ್ಕೆ ಹೋಗಬೇಕು, ಜೊತೆಗೆ ಒಂದು ಹಿಡಿ ಕರಿಬೇವಾದರೂ ಹೋಗಬೇಕು. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಒಬ್ಬಳೇ ವಿಮಾನ ಹತ್ತಿ ಶಿಕಾಗೋದಲ್ಲಿ ಇಳಿದವಳು, ಗಾಲಿಕುರ್ಚಿ ತಳ್ಳಿಕೊಂಡು ಬಂದ ಹುಡುಗನ ಕೈಗೆ ಎರಡು ಕೊಬ್ಬರಿ ಮಿಠಾಯಿ ಇಟ್ಟ ಮೇಲೆಯೇ ನನ್ನತ್ತ ತಿರುಗಿ ನೋಡಿದ್ದು. ಅವನು ಬೇಡವೆಂದ. ಅಮ್ಮ ಕೇಳಲಿಲ್ಲ.

ಹನ್ನೊಂದು ವರ್ಷದಿಂದ ನಾನು ಅಯೋವಾ ರಾಜ್ಯದ ಡೇವನ್‌ಪೋರ್ಟಿನಲ್ಲಿದ್ದೇನೆ. ಮಿಸಿಸಿಪ್ಪಿ ನದಿ ಮನೆಯಿಂದ ಹತ್ತು ನಿಮಿಷದ ದಾರಿ. ನನಗೆ ಅದು ಕೆಲಸಕ್ಕೆ ಹೋಗುವಾಗ ಸೇತುವೆಯ ಮೇಲಿಂದ ಕಾಣುವ ಕಂದು ನೀರು, ಅಷ್ಟೇ. ತುಂಗೆಯ ದಂಡೆಯಲ್ಲಿ ಹುಟ್ಟಿ ಬೆಳೆದ ಅಮ್ಮನಿಗೆ ಹಾಗಲ್ಲ. ಬಂದ ಮೊದಲ ವಾರವೇ ಪ್ರತಿ ಸಂಜೆ ಹೊಳೆ ನೋಡಲು ಹೋಗಬೇಕೆಂದಳು. ಇಷ್ಟು ಅಗಲದ ನೀರನ್ನು ಹೊಳೆ ಎಂದು ಕರೆಯುವ ಧೈರ್ಯ ಅವಳೊಬ್ಬಳಿಗೇ ಇತ್ತು.

ಹೀಗೆ ಒಂದು ಭಾನುವಾರ ನದಿಯ ಜಾಡಿನಲ್ಲೇ ಕೆಳಕ್ಕೆ ಅರ್ಧ ಗಂಟೆ ಕಾರು ಓಡಿಸಿ ಮಸ್ಕಟೀನ್ ಎಂಬ ಪುಟ್ಟ ಊರಿಗೆ ಹೋದೆವು. ಅಲ್ಲಿನ ಹಳೆಯ ಸಾಮಾನಿನ ಅಂಗಡಿಯ ಬಾಗಿಲಲ್ಲಿ ಒಂದು ಬುಟ್ಟಿ. ಬುಟ್ಟಿಯ ತುಂಬ ಅಂಗೈಯಗಲದ ಚಿಪ್ಪುಗಳು. ಒಂದೊಂದರಲ್ಲೂ ಐದಾರು ದುಂಡನೆಯ ತೂತುಗಳು. ಲೋಟದ ಬಾಯಿಂದ ಪೂರಿ ಕೊರೆದ ಮೇಲೆ ಹಿಟ್ಟಿನ ಹಾಳೆ ಉಳಿಯುತ್ತದಲ್ಲ, ಹಾಗೆ.

"ಕಪ್ಪೆಚಿಪ್ಪು!" ಎಂದಳು ಅಮ್ಮ, ಪರದೇಶದಲ್ಲಿ ನೆಂಟರು ಸಿಕ್ಕವಳಂತೆ. "ನಮ್ಮಲ್ಲಿ ಇದನ್ನು ಸುಟ್ಟು ಎಲೆಯಡಿಕೆಗೆ ಸುಣ್ಣ ಮಾಡುತ್ತಿದ್ದರು. ಇವರು ಇದನ್ನು ಯಾಕೆ ಹೀಗೆ ಕೊರೆದಿದ್ದಾರೆ?"

ಕೊರೆದದ್ದು ಅಂಗಿಯ ಗುಂಡಿಗಾಗಿ. ಜಾನ್ ಬೆಪ್ಲ್ ಎಂಬ ಜರ್ಮನ್ ಗುಂಡಿಗಾರ 1891ರಲ್ಲಿ ಇಲ್ಲಿ ಕಾರ್ಖಾನೆ ತೆರೆದ. ನದಿಯ ತಳದ ಕಪ್ಪೆಚಿಪ್ಪಿನ ಒಳಮೈ ಮುತ್ತಿನಂತೆ ಹೊಳೆಯುತ್ತದೆ, ಕೊರೆದರೆ ಬಿರಿಯುವುದಿಲ್ಲ, ತೊಳೆದರೆ ಮಾಸುವುದಿಲ್ಲ. ಹದಿನೈದು ವರ್ಷ ತುಂಬುವುದರೊಳಗೆ ಊರಿಗೆ ಊರೇ ಗುಂಡಿ ಮಾಡತೊಡಗಿತು. 1905ರ ಒಂದೇ ವರ್ಷ ಮಸ್ಕಟೀನಿನಲ್ಲಿ ತಯಾರಾದ ಗುಂಡಿಗಳು ನೂರೈವತ್ತು ಕೋಟಿ. ಜಗತ್ತಿನ ಒಟ್ಟು ಗುಂಡಿಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು. ನಮ್ಮ ಅಜ್ಜಂದಿರ ಕೋಟಿನಲ್ಲೂ ಒಂದೆರಡು ಇದ್ದಿರಬಹುದು.

ಹಿಡಿಯುವ ವಿಧಾನ ಕೇಳಿ ಅಮ್ಮನಿಗೆ ಹೊಟ್ಟೆ ಹಿಂಡಿದಂತಾಯಿತು. ಉದ್ದನೆಯ ಸಲಾಕೆಗೆ ನೂರಾರು ಮೊಂಡು ಕೊಕ್ಕೆಗಳನ್ನು ತೂಗುಹಾಕಿ, ದೋಣಿಯ ಹಿಂದೆ ಕಟ್ಟಿ, ನದಿಯ ತಳದಲ್ಲಿ ಎಳೆದುಕೊಂಡು ಹೋಗುತ್ತಿದ್ದರು. ಕಪ್ಪೆಚಿಪ್ಪು ನೀರು ಸೋಸಲು ಬಾಯಿ ತೆರೆದು ಕೂತಿರುತ್ತದೆ. ಏನಾದರೂ ತಾಗಿದರೆ ಟಪ್ಪನೆ ಮುಚ್ಚಿಕೊಳ್ಳುತ್ತದೆ. ಕೊಕ್ಕೆ ತಾಗಿದರೆ ಕೊಕ್ಕೆಯನ್ನೇ ಕಚ್ಚಿಕೊಳ್ಳುತ್ತದೆ. ತನ್ನನ್ನು ಕಾಪಾಡಿಕೊಳ್ಳಲು ಅದಕ್ಕೆ ಗೊತ್ತಿದ್ದ ಒಂದೇ ಉಪಾಯವೇ ಅದನ್ನು ಕುದಿಯುವ ನೀರಿನ ತೊಟ್ಟಿಗೆ ಮುಟ್ಟಿಸುತ್ತಿತ್ತು. ಅದಕ್ಕೆ ಉತ್ತರವೋ ಎಂಬಂತೆ, ಬೆಪ್ಲ್ ಸತ್ತದ್ದೂ ಚಿಪ್ಪಿನಿಂದಲೇ: ನದಿಯಲ್ಲಿ ನಡೆಯುವಾಗ ಚಿಪ್ಪೊಂದು ಕಾಲು ಕೊಯ್ದು, ಗಾಯ ನಂಜೇರಿ, 1912ರಲ್ಲಿ ತೀರಿಕೊಂಡ.

ಈ ಚಿಪ್ಪುಗಳಿಗೆ ಇಲ್ಲಿನವರು ಇಟ್ಟಿರುವ ಹೆಸರುಗಳನ್ನು ನಾನು ದಾರಿಯುದ್ದಕ್ಕೂ ಅಮ್ಮನಿಗೆ ಕನ್ನಡ ಮಾಡಿ ಹೇಳಿದೆ: ಮಂಗನ ಮುಖ, ಹಂದಿಯ ಗೊರಸು, ಪಿಸ್ತೂಲಿನ ಹಿಡಿ, ಹಿಮ್ಮಡಿ ಸೀಳುಕ, ಬಟ್ಟೆ ಒಗೆಯುವ ಹಲಗೆ. ಉತ್ತರ ಅಮೆರಿಕದ ಸಿಹಿನೀರಿನಲ್ಲಿ ಇಂಥ ಸುಮಾರು 300 ಜಾತಿಗಳಿವೆ. ಜಗತ್ತಿನಲ್ಲಿ ಇನ್ನೆಲ್ಲೂ ಇಷ್ಟಿಲ್ಲ. ಈ ಹೆಸರುಗಳ ಪಟ್ಟಿ ಈಗ ಶ್ರಾದ್ಧದ ಪಟ್ಟಿಯಂತೆಯೂ ಓದಿಸಿಕೊಳ್ಳುತ್ತದೆ. ಮೂರರಲ್ಲಿ ಎರಡು ಪಾಲು ಜಾತಿಗಳು ಅಪಾಯದಲ್ಲಿವೆ. 2023ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರ ಇನ್ನಿಲ್ಲವೆಂದು ಘೋಷಿಸಿದ 21 ಜೀವಜಾತಿಗಳಲ್ಲಿ ಎಂಟು ಕಪ್ಪೆಚಿಪ್ಪುಗಳು.

ಗುಂಡಿಯ ಕಾಲ ಮುಗಿದು ಎಷ್ಟೋ ವರ್ಷಗಳಾದವು; ಪ್ಲಾಸ್ಟಿಕ್ ಬಂದು ಅದನ್ನು ಮುಗಿಸಿತು. 1972ರ ಶುದ್ಧಜಲ ಕಾಯ್ದೆಯ ನಂತರ ನದಿಯ ನೀರೂ ಮೊದಲಿಗಿಂತ ತಿಳಿಯಾಯಿತು. ಕೊಕ್ಕೆಯಿಲ್ಲ, ಕೊಳಕು ಕಡಿಮೆ. ಆದರೂ ಹಲವು ಜಾತಿಗಳು ಮರಳಿ ಬರಲಿಲ್ಲ. ಯಾಕೆ ಎಂದು ಅಮ್ಮ ಕೇಳಿದಳು. ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಓದಲು ಕೂತವನು ಎದ್ದಾಗ ಎರಡು ಗಂಟೆ.

ಉತ್ತರ ಇರುವುದು ಮೀನಿನಲ್ಲಿ.

ದೂರ ನಡೆಯಲು ಬಾರದ, ಈಜಲು ಬಾರದ ಪ್ರಾಣಿ ಹರಿಯುವ ನೀರಿನಲ್ಲಿ ಮಕ್ಕಳನ್ನು ಹೆತ್ತರೆ ಏನಾಗಬೇಕು? ಮಕ್ಕಳೆಲ್ಲ ತೇಲಿಕೊಂಡು ಸಮುದ್ರ ಸೇರಬೇಕು. ನಾಲ್ಕು ತಲೆಮಾರಿಗೆ ನದಿ ಖಾಲಿ. ಹಾಗಾಗದಂತೆ ಸಿಹಿನೀರಿನ ಕಪ್ಪೆಚಿಪ್ಪು ಮೀನಿನ ಬೆನ್ನು ಹತ್ತಿದೆ. ಗಂಡು ತನ್ನ ವೀರ್ಯವನ್ನು ನೀರಿಗೆ ಬಿಡುತ್ತದೆ. ಹೆಣ್ಣು ಅದನ್ನು ಉಸಿರಿನ ನೀರಿನ ಜೊತೆ ಒಳಗೆಳೆದುಕೊಂಡು, ಮೊಟ್ಟೆಗಳನ್ನು ತನ್ನ ಕಿವಿರುಗಳಲ್ಲೇ ಇಟ್ಟು ಬೆಳೆಸುತ್ತದೆ. ಅಲ್ಲಿ ಬೆಳೆಯುವ ಮರಿಗೆ ಗ್ಲೋಕಿಡಿಯಮ್ ಎಂದು ಹೆಸರು. ಸಾಸಿವೆಗಿಂತ ಎಷ್ಟೋ ಚಿಕ್ಕದು, ಎರಡು ಪುಟಾಣಿ ಚಿಪ್ಪು, ನಡುವೆ ಒಂದು ಸ್ನಾಯು. 1797ರಲ್ಲಿ ಇವುಗಳನ್ನು ಮೊದಲು ವರ್ಣಿಸಿದ ಯೆನ್ಸ್ ರಾತ್ಕೆ ಎಂಬ ಪ್ರಾಣಿವಿಜ್ಞಾನಿ, ಇವು ಕಪ್ಪೆಚಿಪ್ಪನ್ನು ಒಳಗಿನಿಂದ ತಿನ್ನುವ ಬೇರೆ ಯಾವುದೋ ಪರಾವಲಂಬಿ ಎಂದುಕೊಂಡು ‘ಪರಾವಲಂಬಿ ಗ್ಲೋಕಿಡಿಯಮ್’ ಎಂಬರ್ಥದ ಹೆಸರಿಟ್ಟ. ತಾಯಿಯ ಮಡಿಲಲ್ಲಿದ್ದ ಮಕ್ಕಳನ್ನು ರೋಗವೆಂದು ಬಗೆದ. ಆ ಹೆಸರಿನಲ್ಲಿ ಗ್ಲೋಕಿಡಿಯಮ್ ಮಾತ್ರ ಉಳಿಯಿತು. ತಾಯಿಗೆ ಅಲ್ಲದಿದ್ದರೂ ಮೀನಿಗೆ ಅವು ಪರಾವಲಂಬಿಯೇ ಆದ್ದರಿಂದ ಅವನೆಂದದ್ದು ಪೂರ್ತಿ ತಪ್ಪೆಂದೂ ಹೇಳುವಂತಿಲ್ಲ.

ಈ ಮರಿಗಳು ಮೀನಿನ ಕಿವಿರನ್ನೋ ರೆಕ್ಕೆಯನ್ನೋ ಕಚ್ಚಿ ಹಿಡಿಯಬೇಕು. ಹಿಡಿದರೆ ಮೀನಿನ ಚರ್ಮ ಅವುಗಳ ಸುತ್ತ ಬೆಳೆದು ಒಂದು ಪುಟ್ಟ ಗೂಡಾಗುತ್ತದೆ. ಅದರೊಳಗೆ ಕೆಲವು ವಾರ, ಕೆಲವು ಜಾತಿಗಳಲ್ಲಿ ಕೆಲವು ತಿಂಗಳು ಇದ್ದು, ಮೈ ಬದಲಿಸಿಕೊಂಡು, ಪುಟ್ಟ ಕಪ್ಪೆಚಿಪ್ಪಾಗಿ ತಳಕ್ಕೆ ಉದುರುತ್ತವೆ. ಆ ಹೊತ್ತಿಗೆ ಮೀನು ಎಲ್ಲಿರುತ್ತದೋ ಅದೇ ಅವುಗಳ ಊರು. ಹಿಡಿಯಲು ಸಿಗದಿದ್ದರೆ ಕೆಲವೇ ದಿನಗಳಲ್ಲಿ ಸಾವು. ಯಾವ ಮೀನಾದರೂ ಆಗುತ್ತದೆಯೇ ಎಂದರೆ ಅದೂ ಇಲ್ಲ. ಒಂದೊಂದು ಜಾತಿಗೆ ಗೊತ್ತಾದ ಮೀನುಗಳಿವೆ, ಕೆಲವಕ್ಕೆ ಒಂದೇ ಒಂದು. ತನ್ನದಲ್ಲದ ಮರಿ ಅಂಟಿದರೆ ಮೀನಿನ ಮೈ ಅದನ್ನು ಕೊಡವಿ ಹಾಕುತ್ತದೆ.

ಸರಿಯಾದ ಮೀನನ್ನು ಹತ್ತಿರ ಕರೆಯಲು ಈ ಕಣ್ಣಿಲ್ಲದ ಪ್ರಾಣಿಗಳು ಮಾಡಿಕೊಂಡ ವೇಷಗಳನ್ನು ನೋಡಿದರೆ ನಮ್ಮ ಯಕ್ಷಗಾನದ ಚೌಕಿಯವರು ನಾಚಬೇಕು. ಲ್ಯಾಂಪ್ಸಿಲಿಸ್ ಎಂಬ ಗುಂಪಿನ ಹೆಣ್ಣು ಚಿಪ್ಪಿನಂಚಿನಿಂದ ಮಾಂಸದ ಸೆರಗೊಂದನ್ನು ಹೊರಚಾಚುತ್ತದೆ. ಅದಕ್ಕೆ ಕಣ್ಣಿನಂಥ ಚುಕ್ಕೆ, ಬಾಲದಂಥ ತುದಿ. ಥೇಟು ಸಣ್ಣ ಮೀನು ಈಜಿದ ಹಾಗೆ ಅಲೆಯುತ್ತದೆ. ತಿನ್ನಲು ಬಂದ ದೊಡ್ಡ ಮೀನು ಬಾಯಿ ಹಾಕಿದಾಗ ಸಿಗುವುದು ಒಂದು ಬಾಯಿ ತುಂಬ ಮರಿಗಳು. ಅಲಬಾಮಾದ ಹೊಳೆಗಳಲ್ಲಿ ಇನ್ನೊಂದಿದೆ, ಅದು ಉದ್ದನೆಯ ಲೋಳೆಯ ದಾರ ಬಿಟ್ಟು ತುದಿಯಲ್ಲಿ ಮರಿಗಳ ಗಂಟನ್ನು ಮೀನಿನಂತೆ ತೇಲಿಬಿಡುತ್ತದೆ. ಗಾಳ ಹಾಕುವುದು ಮನುಷ್ಯನ ವಿದ್ಯೆ ಎಂದುಕೊಂಡಿದ್ದೆ. ಸ್ನಫ್‌ಬಾಕ್ಸ್ ಎಂಬುದಂತೂ ವೇಷಕ್ಕೆ ಹೋಗುವುದೇ ಇಲ್ಲ. ಕಲ್ಲು ಮಗುಚುತ್ತ ಬರುವ ಲಾಗ್‌ಪರ್ಚ್ ಮೀನಿನ ಮೂತಿಯನ್ನು ನೇರವಾಗಿ ಚಿಪ್ಪಿನ ನಡುವೆ ಹಿಡಿದು, ಮರಿಗಳನ್ನು ಅದರ ಕಿವಿರಿಗೆ ತುಂಬಿ, ಆಮೇಲೆ ಬಿಡುತ್ತದೆ. ಲಾಗ್‌ಪರ್ಚಿನ ತಲೆಬುರುಡೆ ಗಟ್ಟಿ, ಬದುಕಿಕೊಳ್ಳುತ್ತದೆ. ಅದರ ನೆಂಟರಾದ ಸಣ್ಣ ಮೀನುಗಳು ಆ ಹಿಡಿತದಲ್ಲಿ ಸಾಯುತ್ತವೆ.

ಮರುದಿನ ಕಾಫಿಯ ಹೊತ್ತಿಗೆ ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅಮ್ಮ ಕೇಳಿಸಿಕೊಂಡು, "ಮೀನಿಗೆ ಇದರಿಂದ ಏನು ಸಿಗುತ್ತದೆ?" ಎಂದಳು.

ಏನೂ ಸಿಗುವುದಿಲ್ಲ ಎಂದೆ. ಹೆಚ್ಚಿನ ತೊಂದರೆಯೂ ಆಗುವುದಿಲ್ಲ.

"ಹಾಗಾದರೆ ಮೋಸವೇ ಸೈ. ಊಟಕ್ಕೆ ಕರೆದು ಮಗು ಹೊರಿಸಿ ಕಳಿಸಿದ ಹಾಗಾಯಿತು."

ಕೊಬ್ಬರಿ ಮಿಠಾಯಿಯಾದರೂ ಕೊಡಬೇಕಿತ್ತು ಎಂದು ಅವಳ ಮುಖ ಹೇಳುತ್ತಿತ್ತು. ನಾನು ಕಪ್ಪೆಚಿಪ್ಪಿನ ಪರ ವಾದಕ್ಕಿಳಿದೆ. ಅದು ಬೆಳೆದು ದೊಡ್ಡದಾದ ಮೇಲೆ ದಿನಕ್ಕೆ ಹತ್ತಾರು ಲೀಟರ್ ನೀರು ಸೋಸುತ್ತದೆ. ತಳದ ಜಲ್ಲಿ ಕೊಚ್ಚಿಹೋಗದಂತೆ ಹಿಡಿದಿಡುತ್ತದೆ. ಅದರ ಸಂದಿಗಳಲ್ಲಿ ಬೆಳೆಯುವ ಹುಳಗಳನ್ನು ಮೀನು ತಿನ್ನುತ್ತದೆ. ಸಾಲ ಪಡೆದದ್ದು ಒಬ್ಬರಿಂದ, ತೀರಿಸುವುದು ಇಡೀ ಹೊಳೆಗೆ. ಅಮ್ಮನಿಗೆ ಈ ಲೆಕ್ಕ ಒಪ್ಪಿಗೆಯಾಗಲಿಲ್ಲ. ಸಾಲ ಕೊಟ್ಟವನಿಗೇ ತೀರಬೇಕು ಎಂಬುದು ಅವಳ ನಿಯಮ.

ಮೇ ಕೊನೆಯ ವಾರ ವಿಸ್ಕಾನ್ಸಿನ್ನಿನ ಜೆನೋವಾಕ್ಕೆ ಹೋದೆವು, ನದಿಯ ಮೇಲ್ದಾರಿಯಲ್ಲಿ ಮೂರು ಗಂಟೆಯ ಪಯಣ. ಅಲ್ಲಿ ಕೇಂದ್ರ ಸರ್ಕಾರದ ಮೀನುಮರಿ ಕೇಂದ್ರವಿದೆ. ಮೀನಿನ ಜೊತೆ ಕಪ್ಪೆಚಿಪ್ಪನ್ನೂ ಅಲ್ಲಿ ಬೆಳೆಸುತ್ತಾರೆ, ಅದರಲ್ಲೂ ಹಿಗ್ಗಿನ್ಸ್ ಐ ಎಂಬ ಜಾತಿಯನ್ನು. ಹಿಗ್ಗಿನ್ಸನ ಕಣ್ಣು. ಫ್ರ್ಯಾಂಕ್ ಹಿಗ್ಗಿನ್ಸ್ ಎಂಬಾತ ಹೆಕ್ಕಿ ಕಳಿಸಿದ ಚಿಪ್ಪನ್ನು ನೋಡಿ ಚಿಪ್ಪುಗಳ ತಜ್ಞ ಐಸಾಕ್ ಲೀ 1857ರಲ್ಲಿ ಅದಕ್ಕೆ ಹೆಸರಿಟ್ಟದ್ದು. ಹೆಕ್ಕಿದ ಜಾಗ ಅದೇ ಮಸ್ಕಟೀನ್. 1976ರಿಂದ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ.

ನಮ್ಮ ಅದೃಷ್ಟಕ್ಕೆ ಆ ದಿನ ಅಲ್ಲಿ ಕೆಲಸ ನಡೆಯುತ್ತಿತ್ತು. ಒಬ್ಬ ಹುಡುಗಿ ಬಸುರಿ ಚಿಪ್ಪೊಂದನ್ನು ಬೆರಳಗಲವೂ ಅಲ್ಲದಷ್ಟು ಮೆಲ್ಲನೆ ತೆರೆದು, ಸಿರಿಂಜಿನಿಂದ ನೀರು ಹಾಯಿಸಿ, ಕಿವಿರಿನೊಳಗಿದ್ದ ಮರಿಗಳನ್ನು ಬಟ್ಟಲಿಗೆ ತೊಳೆದುಕೊಂಡಳು. ಬರಿಗಣ್ಣಿಗೆ ಅದು ರವೆ ಕದಡಿದ ನೀರು. ಸೂಕ್ಷ್ಮದರ್ಶಕದ ಪರದೆಯ ಮೇಲೆ ನೂರಾರು ತೆರೆದ ಬಾಯಿಗಳು. "ಹಕ್ಕಿಮರಿಗಳ ಹಾಗಿವೆ" ಎಂದಳು ಅಮ್ಮ. ಹುಡುಗಿ ಅದರ ಮೇಲೆ ಒಂದೆರಡು ಹರಳು ಉಪ್ಪು ಉದುರಿಸಿದಳು. ಬಾಯಿಗಳೆಲ್ಲ ಟಪಟಪನೆ ಮುಚ್ಚಿಕೊಂಡವು. ಮುಚ್ಚಿದರೆ ಜೀವವಿದೆ, ಮೀನನ್ನು ಹಿಡಿಯಬಲ್ಲವು ಎಂದು ಅರ್ಥವಂತೆ. ಅದೇ ಹಿಡಿತ, ಗುಂಡಿಯವರ ಕೊಕ್ಕೆಯನ್ನು ಕಚ್ಚಿದ್ದೂ ಅದೇ.

ಆಮೇಲೆ ಗಾಳಿಗುಳ್ಳೆ ಏಳುತ್ತಿದ್ದ ಬಕೆಟ್ಟಿಗೆ ಮರಿಗಳನ್ನು ಸುರಿದು, ಬಾಸ್ ಮೀನುಗಳನ್ನು ಬಿಟ್ಟು, ಗಡಿಯಾರ ನೋಡುತ್ತ ನಿಂತರು. ಮೀನು ಉಸಿರಾಡಿದಂತೆಲ್ಲ ಮರಿಗಳು ಕಿವಿರಿಗೆ ಅಂಟುತ್ತವೆ. ಹೆಚ್ಚು ಹೊತ್ತು ಬಿಟ್ಟರೆ ಅತಿಯಾಗಿ ಅಂಟಿ ಮೀನಿನ ಉಸಿರಿಗೇ ಕಷ್ಟ. ನಡುನಡುವೆ ಒಂದನ್ನು ಎತ್ತಿ ಕಿವಿರು ನೋಡಿ ಸಾಕೇ ಬೇಕೇ ಎಂದು ತೀರ್ಮಾನಿಸುತ್ತಾರೆ. ಹೀಗೆ ಹೊರೆ ಹೊತ್ತ ಮೀನುಗಳನ್ನು ಪಂಜರದಲ್ಲಿಟ್ಟು ನದಿಗಿಳಿಸುತ್ತಾರೆ. ಮರಿಗಳು ಪಂಜರದ ತಳಕ್ಕೆ ಉದುರಿ ಅಲ್ಲೇ ಬೆಳೆಯುತ್ತವೆ, ಮೀನಿಗೆ ಬಿಡುಗಡೆ. ಒಂದೆರಡು ಸಲ ಹೊತ್ತ ಮೀನಿನ ಮೈಗೆ ಮರಿಗಳ ಗುರುತು ಸಿಕ್ಕಿಬಿಡುತ್ತದೆ, ಆಮೇಲೆ ಅಂಟಲು ಬಿಡುವುದಿಲ್ಲ. ಹಾಗಾಗಿ ಪ್ರತಿ ಸಲ ಹೊಸ ಮೀನೇ ಬೇಕು ಎಂದು ಹುಡುಗಿ ವಿವರಿಸಿದಳು. ನಾನು ಕನ್ನಡದಲ್ಲಿ ಹೇಳಿದೆ.

"ಮತ್ತೆ? ಎಷ್ಟು ಸಲ ಅಂತ ಹೊರುತ್ತದೆ ಅದು" ಎಂದಳು ಅಮ್ಮ. ಮೂರು ಮಕ್ಕಳನ್ನು ಹೆತ್ತವಳು.

ಅಲ್ಲೇ ಒಂದು ಗಾಜಿನ ಪೆಟ್ಟಿಗೆಯಲ್ಲಿ ಹಿಗ್ಗಿನ್ಸ್ ಐ ಚಿಪ್ಪೊಂದನ್ನು ಇಟ್ಟಿದ್ದರು. ಅದರ ಮೈಯೇ ಕಾಣದಂತೆ ನೂರಾರು ಪಟ್ಟೆಪಟ್ಟೆಯ ಪುಟ್ಟ ಚಿಪ್ಪುಗಳು ಅಂಟಿದ್ದವು. ಅವು ಜೀಬ್ರಾ ಚಿಪ್ಪುಗಳು. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರಗಳ ಕಡೆಯವು; ಹಡಗುಗಳು ಸಮತೋಲಕ್ಕೆಂದು ತುಂಬಿಕೊಂಡು ಬಂದ ನೀರಿನಲ್ಲಿ ಬಂದಿಳಿದು, 1988ರಲ್ಲಿ ಡೆಟ್ರಾಯಿಟ್ ಬಳಿಯ ಸೇಂಟ್ ಕ್ಲೇರ್ ಸರೋವರದಲ್ಲಿ ಮೊದಲು ಕಂಡವು. ಕೆಲವೇ ವರ್ಷಗಳಲ್ಲಿ ಮಿಸಿಸಿಪ್ಪಿಯನ್ನೂ ಹಿಡಿದವು. ಸ್ಥಳೀಯ ಚಿಪ್ಪಿನ ಮೇಲೆಯೇ ಕೂತು, ಅದು ಬಾಯಿ ತೆರೆಯಲಾಗದಂತೆ ಮಾಡಿ, ಅದರ ಪಾಲಿನ ಆಹಾರವನ್ನೂ ಸೋಸಿ ತಿಂದು ಕೊಲ್ಲುತ್ತವೆ. ಜೀಬ್ರಾ ಚಿಪ್ಪಿಗೆ ಯಾವ ಮೀನೂ ಬೇಡ. ಅದರ ಮರಿ ತಾನೇ ಈಜುತ್ತದೆ, ಎಲ್ಲಿ ಬೇಕಾದರೂ ಅಂಟುತ್ತದೆ.

"ಇದಕ್ಕೆ ಯಾರ ಹಂಗೂ ಇಲ್ಲ ನೋಡು" ಎಂದೆ, ಬೇಕೆಂದೇ.

ಅಮ್ಮ ಏನೂ ಹೇಳಲಿಲ್ಲ. ಗಾಜಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಹೊರಡುವಾಗ ಆ ಹುಡುಗಿಗೂ ಕೊಬ್ಬರಿ ಮಿಠಾಯಿ ಸಂದಾಯವಾಯಿತು.

ನನ್ನನ್ನು ಹೆಚ್ಚು ಕಾಡಿದ್ದು ಹಿಗ್ಗಿನ್ಸನ ಕಣ್ಣಲ್ಲ. ಅದಕ್ಕಾದರೂ ಬಾಸ್, ವಾಲೈ ಎಂದು ನಾಲ್ಕಾರು ಮೀನುಗಳಾಗುತ್ತವೆ. ಕಾಡಿದ್ದು ಎಬೊನಿಶೆಲ್. ಹೊರಗೆ ಕರಿಮರದ ಬಣ್ಣ, ಒಳಗೆ ಅಪ್ಪಟ ಬಿಳಿ. ಗುಂಡಿಯವರಿಗೆ ಅದಕ್ಕಿಂತ ಒಳ್ಳೆಯ ಚಿಪ್ಪು ಇರಲಿಲ್ಲ. ಅದು ನಂಬಿಕೊಂಡಿರುವುದು ಸ್ಕಿಪ್‌ಜ್ಯಾಕ್ ಹೆರಿಂಗ್ ಎಂಬ ಒಂದೇ ಮೀನನ್ನು. ಬೆಳ್ಳಿ ಮೈಯ, ನೀರಿನಿಂದ ಚಿಮ್ಮಿ ಹಾರುವ, ವಸಂತದಲ್ಲಿ ದಕ್ಷಿಣದಿಂದ ಹಿಂಡುಹಿಂಡಾಗಿ ನದಿ ಏರಿ ಬರುತ್ತಿದ್ದ ಮೀನು.

ಡೇವನ್‌ಪೋರ್ಟಿಗೂ ಮಸ್ಕಟೀನಿಗೂ ನಡುವೆ ಫೇರ್‌ಪೋರ್ಟ್ ಎಂಬ ಸಣ್ಣ ಹಳ್ಳಿಯಿದೆ. ಚಿಪ್ಪುಗಳು ಬರಿದಾಗುತ್ತಿರುವುದನ್ನು ಕಂಡ ಅಮೆರಿಕದ ಸಂಸತ್ತು 1908ರಲ್ಲಿ ಅಲ್ಲಿ ಒಂದು ಸಂಶೋಧನಾ ಕೇಂದ್ರಕ್ಕೆ ಒಪ್ಪಿಗೆ ಕೊಟ್ಟಿತು. ಉದ್ದೇಶ ಚಿಪ್ಪಿನ ಮೇಲಿನ ಕರುಣೆಯಲ್ಲ, ಗುಂಡಿಯ ಮೇಲಿನ ಕಾಳಜಿ. ಆದರೂ ಯಾವ ಚಿಪ್ಪಿಗೆ ಯಾವ ಮೀನು ಎಂದು ಶ್ರದ್ಧೆಯಿಂದ ಹುಡುಕಿದವರು, ಮೀನಿಗೆ ಮರಿ ಅಂಟಿಸಿ ನದಿಗೆ ಬಿಡುವ ವಿದ್ಯೆಯನ್ನು ರೂಢಿಗೆ ತಂದವರು ಅವರೇ. ಜೆನೋವಾದಲ್ಲಿ ನಾವು ನೋಡಿದ ಬಕೆಟ್ಟು ಆ ಮನೆತನದ್ದು. ಅತ್ತ ಅವರು ಈ ಕೆಲಸದಲ್ಲಿ ತೊಡಗಿದ್ದಾಗಲೇ, ಇತ್ತ ಅದೇ ಸಂಸತ್ತಿನ ಒಪ್ಪಿಗೆ ಪಡೆದ ಇನ್ನೊಂದು ಕೆಲಸ ಕೆಳಗಿನ ಕಿಯೋಕಕ್ ಎಂಬ ಊರಿನಲ್ಲಿ ನಡೆಯುತ್ತಿತ್ತು. 1913ರಲ್ಲಿ ಅಲ್ಲಿ ವಿದ್ಯುತ್ತಿಗಾಗಿ ನದಿಯ ಅಡ್ಡಗಲಕ್ಕೂ ಅಣೆಕಟ್ಟು ಎದ್ದಿತು. ಸ್ಕಿಪ್‌ಜ್ಯಾಕ್ ಅದರ ಬುಡಕ್ಕೆ ಬಂದು ನಿಂತಿತು.

ಅಣೆಕಟ್ಟಿನ ಮೇಲಿನ ಎಬೊನಿಶೆಲ್‌ಗಳು ಆ ವರ್ಷ ಸಾಯಲಿಲ್ಲ. ನನಗೆ ನಿದ್ದೆ ಕೆಡಿಸಿದ್ದು ಇದೇ. ಕಪ್ಪೆಚಿಪ್ಪು ದಶಕಗಟ್ಟಲೆ ಬದುಕುವ ಜೀವ. ಯುರೋಪಿನ ಮುತ್ತಿನ ಚಿಪ್ಪಿನ ಜಾತಿ ನೂರು ವರ್ಷ ದಾಟುತ್ತದೆ. ಹಾಗಾಗಿ ಅವು ಅಲ್ಲೇ ಇದ್ದವು, ನೀರು ಸೋಸಿದವು, ಕಾಲಕ್ಕೆ ಸರಿಯಾಗಿ ಗರ್ಭ ಕಟ್ಟಿದವು, ಮರಿಗಳನ್ನು ನೀರಿಗೆ ಬಿಟ್ಟವು. ಮೀನು ಬರಲಿಲ್ಲ. ಯಾರಾದರೂ ತಳ ಮುಟ್ಟಿ ಎಣಿಸಿದ್ದರೆ ಇದೆ ಎಂದೇ ಲೆಕ್ಕಕ್ಕೆ ಬರುತ್ತಿದ್ದವು. ಸಂಖ್ಯೆಯಲ್ಲಿ ಇದ್ದು ಸಂತತಿಯಲ್ಲಿ ಇಲ್ಲದ ಈ ಸ್ಥಿತಿಯನ್ನು ನದಿಯ ದಂಡೆಯಲ್ಲಿ ನಿಂತು ಗುರುತಿಸಲಾಗುವುದಿಲ್ಲ. ಇಂದು ಮೇಲ್ಭಾಗದಲ್ಲಿ ಉಳಿದಿರುವುದು ಎಲ್ಲೋ ಬೆರಳೆಣಿಕೆಯ ಮುದಿ ಚಿಪ್ಪುಗಳು.

ಕಿಯೋಕಕ್ಕಿಗೆ ಜುಲೈನಲ್ಲಿ ಹೋಗಿದ್ದೆವು. ನದಿ ಅಲ್ಲಿ ಒಂದು ಮೈಲಿಯಷ್ಟು ಅಗಲ. ಅಣೆಕಟ್ಟು ನೋಡಲು ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲೇಬೇಕು, ಕಮಾನಿನ ಪಕ್ಕ ಕಮಾನು. ನೂರು ವರ್ಷ ದಾಟಿದರೂ ಇನ್ನೂ ಕರೆಂಟು ಕೊಡುತ್ತಿದೆ, ನನ್ನ ಮನೆಯ ದೀಪಕ್ಕೂ ಅದರ ಒಂದು ಚೂರು ಬರುತ್ತಿರಬಹುದು. ಒಡೆಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ. ಬೆಂಚಿನ ಮೇಲೆ ಕೂತು ಅಮ್ಮನಿಗೆ ಎಬೊನಿಶೆಲ್ಲಿನ ಕಥೆ ಹೇಳಿದೆ.

"ನಮ್ಮ ಕೇರಿಯ ಹಾಗೆ" ಎಂದಳು.

ಅಮ್ಮನ ಕೇರಿಯಲ್ಲಿ ಹದಿನಾಲ್ಕು ಮನೆ. ಸಂಜೆ ಜಗಲಿಯಲ್ಲಿ ದೀಪ ಹತ್ತುತ್ತದೆ, ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಬೀಳುತ್ತದೆ. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, "ಕಾಫಿ ಆರುತ್ತದೆ, ಕುಡಿ" ಎಂದಳು.

ಊರಿಗೆ ಹೊರಡುವ ಹಿಂದಿನ ದಿನ, ನಮ್ಮ ತುಂಗೆಯ ಚಿಪ್ಪಿಗೂ ಹೀಗೆಯೇ ಏನು ಎಂದು ಕೇಳಿದಳು. ಹೀಗೆಯೇ. ನಮ್ಮ ಕೆರೆ ಹೊಳೆಗಳ ಲ್ಯಾಮೆಲ್ಲಿಡೆನ್ಸ್, ಪ್ಯಾರೇಸಿಯಾಗಳೂ ಇದೇ ಬಳಗ, ಅವುಗಳ ಮರಿಗೂ ಮೀನಿನ ಕಿವಿರೇ ತೊಟ್ಟಿಲು. ಅವಲ್ಲದೆ ಭದ್ರೆಯ ಕಡೆ ಬಂಡೆಗೆ ತನ್ನ ಚಿಪ್ಪನ್ನೇ ಗಾರೆ ಹಾಕಿದಂತೆ ಅಂಟಿಸಿಕೊಂಡು ಬದುಕುವ ಒಂದು ವಿಚಿತ್ರ ಜೀವವಿದೆ. ವಿಜ್ಞಾನಿಗಳು ಅದನ್ನು ಮೊದಲು ವರ್ಣಿಸಿದ್ದು 1898ರಲ್ಲಿ, ಈಗ ಅದಕ್ಕಿರುವ ವಿಜ್ಞಾನದ ಹೆಸರು ಸ್ಯೂಡೊಮುಲ್ಲೇರಿಯಾ ಡಾಲಿಯಿ. ಅದರ ಮನೆ ಕರ್ನಾಟಕದ ಪಶ್ಚಿಮಘಟ್ಟದ ಹೊಳೆಗಳು, ಅದೂ ಅಳಿವಿನ ಪಟ್ಟಿ ಸೇರಿದೆ. ಹಿಗ್ಗಿನ್ಸನ ಕಣ್ಣಿಗೆ ಇರುವಂಥ ಬಕೆಟ್ಟು, ಪಂಜರ, ಉಪ್ಪು ಹಿಡಿದು ನಿಂತ ಹುಡುಗಿ ಅದಕ್ಕೂ ಇದ್ದರೆ ಚೆನ್ನಾಗಿತ್ತು. ದೇವರ ಮೀನೆಂದು ಶೃಂಗೇರಿಯಲ್ಲಿ ಯಾರೂ ಮೀನು ಹಿಡಿಯದಿರುವುದರಿಂದ ಆ ಮೀನುಗಳನ್ನು ನಂಬಿದ ಚಿಪ್ಪುಗಳಿದ್ದರೆ ಅವಕ್ಕೂ ಪುಕ್ಕಟೆ ರಕ್ಷೆ ಎಂದೆ. ಅಮ್ಮನ ಮುಖ ಮೊದಲ ಬಾರಿಗೆ ಈ ವಿಷಯದಲ್ಲಿ ಅರಳಿತು. ತೂತು ಕೊರೆದ ಚಿಪ್ಪೊಂದನ್ನು ಒಂದು ಡಾಲರಿಗೆ ಕೊಂಡಿದ್ದಳು, ಅದನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು.

ನವರಾತ್ರಿ ಮುಗಿದ ವಾರ ಫೋನ್ ಮಾಡಿದಳು. ಶೃಂಗೇರಿಗೆ ಹೋಗಿದ್ದಳಂತೆ. ದೇವಿಯ ದರ್ಶನವಾದ ಮೇಲೆ ತುಂಗೆಯ ಮೆಟ್ಟಿಲಿಳಿದು ಮಂಡಕ್ಕಿ ಹಾಕಿದಳಂತೆ. ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆದಾಗ, ಕೊನೆಯ ಮೆಟ್ಟಿಲಲ್ಲಿ ಬಗ್ಗಿ ಬಗ್ಗಿ ಅವುಗಳ ಕಿವಿರು ನೋಡಿದಳಂತೆ. ಅಜ್ಜಿಗೆ ತಲೆ ಸುತ್ತಿತೆಂದು ಯಾರೋ ಹೆಂಗಸು ಓಡಿ ಬಂದು ರಟ್ಟೆ ಹಿಡಿದುಕೊಂಡಳಂತೆ.

"ಬಿಡಿಸಿಕೊಂಡೆಯಾ?" ಎಂದೆ.

"ಇಲ್ಲ ಮಾರಾಯ, ಮೆಟ್ಟಿಲು ಪಾಚಿಗಟ್ಟಿತ್ತು. ಮೇಲಿನವರೆಗೂ ಅವಳೇ ಹತ್ತಿಸಿದಳು. ಆ ಮೀನಿನ ಕಿವಿರಿನಲ್ಲಿ ನನಗೇನೂ ಕಾಣಿಸಲಿಲ್ಲ. ಮುಂದಿನ ಸಲ ಬರುವಾಗ ಒಂದು ಒಳ್ಳೆಯ ಭೂತಗನ್ನಡಿ ತಾ."